ಬಾನೆಟ್ ಮೇಲೆ ಬೆಂಕಿ ಇರಲಿ, ಟ್ರೈಲರ್ ಹಿಂದೆ ಬೆಳಕಿರಲಿ

ಆಯುಧಪೂಜೆ ಹತ್ತಿರ ಬಂತು ಅಂದ್ರೆ ನಮ್ಮ ಮಂಡ್ಯ ಕಡೆ ಹುಡುಗರ ಕೈ ಟ್ರ್ಯಾಕ್ಟರ್ ಮೇಲೆ ಓಡಾಡೋಕೆ ಶುರುವಾಗುತ್ತೆ. ಒಬ್ಬ ಹೊಸ ಹಾರ್ನ್ ಹಾಕಿಸ್ತಾನೆ, ಇನ್ನೊಬ್ಬ ಬಾನೆಟ್ ಮೇಲೆ ಬೆಂಕಿ ಜ್ವಾಲೆ ಬರೀತಾನೆ. ಮನೆ ಹಿರಿಯರು "ಸಾಲ ತೀರಿಲ್ಲ, ಇವನಿಗೆ ಶೋಕಿ ನೋಡು" ಅಂತ ಗೊಣಗುತ್ತಾರೆ. ನಾನು ಹುಡುಗರ ಪರ. ಸಂಕ್ರಾಂತಿಗೆ ಎತ್ತಿನ ಕೊಂಬು ಹೆರೆದು, ಬಣ್ಣ ಬಳಿದು, ಕಿಚ್ಚು ಹಾಯಿಸಿದವರು ಇದೇ ಹಿರಿಯರಲ್ವಾ? ದುಡಿಯೋ ಜೀವವನ್ನ ಸಿಂಗಾರ ಮಾಡೋದು ನಮ್ಮಲ್ಲಿ ಹಳೇ ಪದ್ಧತಿ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ಅಷ್ಟೇ.

ಎರಡು ವರ್ಷದ ಹಿಂದೆ ನಾನೂ ಬರೆದೆ. ಪಟ್ಟಣದ ಪೇಂಟರ್ ಕೇಳಿದ ದುಡ್ಡು ಕೇಳಿ ಸುಮ್ಮನೆ ವಾಪಸ್ ಬಂದು, ಮನೆ ಅಂಗಳದಲ್ಲೇ ಕೆಲಸ ಹಿಡಿದೆ. ಕಲಿತದ್ದು ಇಷ್ಟು.

ಬಣ್ಣಕ್ಕಿಂತ ತಯಾರಿ ಮುಖ್ಯ. ಗ್ರೀಸು, ಡೀಸೆಲ್ ಜಿಡ್ಡು ಇದ್ದರೆ ಬಣ್ಣ ಹಿಡಿಯೋಲ್ಲ. ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, 400 ನಂಬರಿನ ವಾಟರ್ ಪೇಪರ್‌ನಲ್ಲಿ ನೀರು ಹಾಕ್ಕೊಂಡು ಹಗುರವಾಗಿ ಉಜ್ಜಿ. ಹೊಳಪು ಹೋಗಿ ಮಂಕಾದರೆ ಸಾಕು. ತುಕ್ಕು ಕಂಡರೆ ಪೂರ್ತಿ ಕೆರೆದು ರೆಡ್ ಆಕ್ಸೈಡ್ ಹೊಡೆಯಿರಿ. ತುಕ್ಕಿನ ಮೇಲೆ ಬರೆದ ಜ್ವಾಲೆ ಒಂದು ಮಳೆಗಾಲ ಕಳೆಯೋದ್ರಲ್ಲಿ ಚಕ್ಕೆ ಏಳುತ್ತೆ.

ಎಡಕ್ಕೂ ಬಲಕ್ಕೂ ಜ್ವಾಲೆ ಒಂದೇ ಥರ ಬರೋದೇ ಕಷ್ಟ. ಅದಕ್ಕೆ ಅಕ್ಕ ಸೀರೆ ಕಸೂತಿಗೆ ಮಾಡೋ ಉಪಾಯವನ್ನೇ ಮಾಡಿದೆ. ಪೇಪರ್ ಮೇಲೆ ಒಂದು ಬದಿಯ ಜ್ವಾಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಬಾನೆಟ್‌ಗೆ ಅಂಟಿಸಿ, ಬಟ್ಟೆ ಗಂಟಲ್ಲಿ ರಂಗೋಲಿ ಪುಡಿ ಕಟ್ಟಿ ತಟ್ಟಿದೆ. ಚುಕ್ಕಿ ಮೂಡಿತು. ಆಮೇಲೆ ಅದೇ ಪೇಪರ್ ಮಗುಚಿ ಇನ್ನೊಂದು ಬದಿಗೆ. ಜ್ವಾಲೆಯ ದಪ್ಪ ಭಾಗ ಗ್ರಿಲ್ ಕಡೆ, ಸಣ್ಣ ಬಾಲ ಡ್ರೈವರ್ ಕಡೆ ಇರಬೇಕು. ಗಾಳಿಗೆ ಹಿಂದಕ್ಕೆ ಹಾರಿದ ಹಾಗೆ.

ಅಗಲವಾದ ಮಾಸ್ಕಿಂಗ್ ಟೇಪ್ ತಿರುವಿನಲ್ಲಿ ಬಾಗೋಲ್ಲ. ವೈರಿಂಗ್ ಟೇಪನ್ನು ಸಣ್ಣಗೆ ಸೀಳಿ ಅಂಚಿಗೆ ಹಾಕಿ, ಆಚೆ ಭಾಗಕ್ಕೆ ಪೇಪರ್ ಮುಚ್ಚಿ. ಮೊದಲು ಹಳದಿ. ಅದು ಹಸಿ ಇರುವಾಗಲೇ ಹಿಂದಕ್ಕೆ ಹೋದಂತೆ ಕಿತ್ತಳೆ, ತುದಿಗೆ ಕೆಂಪು. ಕೆಂಪು ಟ್ರ್ಯಾಕ್ಟರ್ ಆದ್ರೆ ತುದಿ ಕಾಣದೆ ಹೋಗುತ್ತೆ, ಅದಕ್ಕೆ ಸುತ್ತ ತೆಳ್ಳಗೆ ಬಿಳಿ ಗೆರೆ ಕೊಡಿ. ಬಣ್ಣ ಪೂರ್ತಿ ಗಟ್ಟಿಯಾಗೋ ಮುಂಚೆ ಟೇಪನ್ನು ನಿಧಾನಕ್ಕೆ ಹಿಂದಕ್ಕೆ ಮಡಚಿ ಎಳೆಯಿರಿ. ಬಿಸಿಲಿಗೆ ಕಾದ ತಗಡಿನ ಮೇಲೆ ಮಾತ್ರ ಬಣ್ಣ ಹಚ್ಚಬೇಡಿ.

ಹುಲ್ಲಿನ ಮೆದೆ ಹತ್ತಿರ ಥಿನ್ನರ್ ಡಬ್ಬಿ ತೆಗೀಬೇಡಿ, ಬೀಡಿ ಸೇದೋರನ್ನ ದೂರ ಕಳಿಸಿ. ಬಯಲಲ್ಲಿ, ಗಾಳಿ ಆಡೋ ನೆರಳಲ್ಲಿ ಕೆಲಸ ಮಾಡಿ. ಗ್ಯಾರೇಜಿನವರು ಬಳಸೋ ಗಟ್ಟಿಕಾರಕ ಬೆರೆಸುವ ಕ್ಲಿಯರ್ ಕೋಟ್ ಮನೇಲಿ ಸಿಂಪಡಿಸೋ ವಸ್ತು ಅಲ್ಲ. ಅದರ ಆವಿ ಶ್ವಾಸಕೋಶಕ್ಕೆ ಪೆಟ್ಟು ಕೊಡುತ್ತೆ, ಬಟ್ಟೆ ಮಾಸ್ಕ್ ಅದನ್ನ ತಡೆಯೋಲ್ಲ. ಔಷಧಿ ಹೊಡೆಯೋ ಸ್ಪ್ರೇಯರ್‌ನಲ್ಲಿ ಪೇಂಟ್ ಹಾಕೋ ಬುದ್ಧಿವಂತಿಕೆಯೂ ಬೇಡ, ಥಿನ್ನರ್‌ಗೆ ಅದರ ರಬ್ಬರ್ ವಾಷರ್ ಕೆಟ್ಟುಹೋಗುತ್ತೆ. ಉಳಿದ ಥಿನ್ನರ್ ಕಾಲುವೆಗೆ ಚೆಲ್ಲಬೇಡಿ, ಒರೆಸಿದ ಬಟ್ಟೆ ದನದ ಬಾಯಿಗೆ ಸಿಗೋ ಹಾಗೆ ಬಿಸಾಡಬೇಡಿ. ಇನ್ನೊಂದು ಮಾತು: ಗಾಡಿ ಬಣ್ಣ ಆರ್‌ಸಿಯಲ್ಲಿ ನಮೂದಾಗಿರುತ್ತೆ. ಇಡೀ ಗಾಡಿಯ ಬಣ್ಣ ಬದಲಿಸೋ ಯೋಚನೆ ಇದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಇಷ್ಟೆಲ್ಲ ಸರಿಯಾಗಿ ಮಾಡಿದ ನಾನು ತಪ್ಪಿದ್ದು ಕೊನೇಲಿ. ಬಾನೆಟ್ ಚೆಂದ ಬಂತು, ಡಬ್ಬಿಯಲ್ಲಿ ಬಣ್ಣ ಉಳಿದಿತ್ತು. ಟ್ರೈಲರ್‌ನ ಹಿಂದಿನ ಬಾಗಿಲಿಗೂ ದೊಡ್ಡ ಜ್ವಾಲೆ ಬರೆದೆ. ಅಲ್ಲಿದ್ದ ಹಳೇ ರಿಫ್ಲೆಕ್ಟರ್ ಪಟ್ಟಿ ಅಂದಗೆಡಿಸುತ್ತೆ ಅಂತ ಅದರ ಮೇಲೇ ಬಳಿದುಬಿಟ್ಟೆ.

ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ಕಬ್ಬು ತುಂಬ್ಕೊಂಡು ಕಾರ್ಖಾನೆಗೆ ಹೊರಟಿದ್ದೆ. ದಾರೀಲಿ ಟ್ರೈಲರ್ ಚಕ್ರ ಪಂಕ್ಚರ್. ರಸ್ತೆ ಅಂಚಿಗೆ ನಿಲ್ಲಿಸಿ ಜ್ಯಾಕ್ ಹುಡುಕ್ತಾ ಇದ್ದೆ. ಹಿಂದಿನಿಂದ ಬಂದ ಪಕ್ಕದೂರಿನ ಹುಡುಗನ ಬೈಕು ನೇರ ಟ್ರೈಲರ್‌ಗೆ ಬಡೀತು. ಜೀವ ಉಳೀತು, ಬಲಗಾಲು ಮುರೀತು. ಆ ವರ್ಷ ಅವನ ಗದ್ದೆಯ ಭತ್ತದ ಕೊಯ್ಲನ್ನ ಬೇರೆಯವರು ಮಾಡಿದರು, ಅವನು ಮಂಚದ ಮೇಲಿದ್ದ. ಆಸ್ಪತ್ರೆಗೆ ನೋಡೋಕೆ ಹೋದಾಗ ಬೈತಾನೆ ಅಂದ್ಕೊಂಡಿದ್ದೆ. ಬೈಲಿಲ್ಲ. "ಅಣ್ಣ, ನಿಮ್ ಬೆಂಕಿ ನಂಗೆ ಕಾಣ್ಲೇ ಇಲ್ಲ" ಅಂದ. ಆ ಮಾತು ಇನ್ನೂ ನನ್ನ ಬಿಟ್ಟಿಲ್ಲ.

ಪೇಂಟ್ ಎಷ್ಟೇ ಮಿಂಚಲಿ, ಹಗಲಿನ ವಸ್ತು. ರಿಫ್ಲೆಕ್ಟರ್ ಪಟ್ಟಿಯೊಳಗಿನ ಸಣ್ಣ ಗಾಜಿನ ಮಣಿ ಅಥವಾ ಪಟ್ಟಕಗಳು ಹೆಡ್‌ಲೈಟ್ ಬೆಳಕನ್ನ ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತವೆ. ಅದರ ಮೇಲೆ ಬಣ್ಣ ಬಿದ್ದರೆ ಆ ಕೆಲಸ ನಿಂತಿತು. ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ ಪಟ್ಟಿ ಹಾಕಿ. ಕಬ್ಬು, ಹುಲ್ಲು ಹಿಂದಕ್ಕೆ ಚಾಚಿಕೊಂಡು ಅದನ್ನ ಮುಚ್ಚದ ಹಾಗೆ ನೋಡ್ಕೊಳ್ಳಿ. ಕೆಸರು ಮೆತ್ತಿದ್ದರೆ ಹೊರಡೋ ಮುಂಚೆ ಒಂದು ಸಲ ಒರೆಸಿ.

ನನ್ನ ಅಭಿಪ್ರಾಯ ಇಷ್ಟೇ: ಗಾಡಿಯ ಮುಂಭಾಗ ನಿಮ್ಮದು, ಬೆಂಕಿ ಬರೀರಿ, ಹುಲಿ ಬರೀರಿ, ಅಮ್ಮನ ಹೆಸರು ಬರೀರಿ. ಹಿಂಭಾಗ ಮಾತ್ರ ಹಿಂದೆ ಬರೋನದ್ದು. ಈ ಸಲ ಬ್ರಷ್ ಹಿಡಿಯೋ ಮುಂಚೆ ಒಂದು ಕೆಲಸ ಮಾಡಿ. ಕತ್ತಲಾದ ಮೇಲೆ ಟ್ರೈಲರ್‌ನಿಂದ ನೂರು ಹೆಜ್ಜೆ ಹಿಂದಕ್ಕೆ ಹೋಗಿ, ಮೊಬೈಲ್ ಟಾರ್ಚನ್ನ ಕಣ್ಣಿನ ಪಕ್ಕ ಹಿಡಿದು ಬಿಡಿ. ಏನೂ ಹೊಳೆಯಲಿಲ್ಲ ಅಂದ್ರೆ ಪೇಂಟ್ ಅಂಗಡಿಗೆ ಆಮೇಲೆ ಹೋಗಿ, ಮೊದಲು ಪಟ್ಟಿ ತನ್ನಿ.