ಅಂಗಿಯೂ ಒಂದು ಶಾಸನ

ಹಾಸನದ ಸೀಮೆಯಲ್ಲಿ ಬೆಳೆದವರಿಗೆ ಕಲ್ಲನ್ನು ಓದುವುದು ಹೊಸ ವಿದ್ಯೆಯೇನಲ್ಲ. ಊರ ಮುಂದಿನ ವೀರಗಲ್ಲಿನಲ್ಲಿ ಕೆಳಗಿನ ಪಟ್ಟಿಕೆ ಕಾಳಗದ್ದು, ನಡುವಣದು ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲಿನದು ದೇವಸನ್ನಿಧಿ ಎಂಬುದನ್ನು ದನ ಕಾಯುವ ಹುಡುಗನೂ ಹೇಳಬಲ್ಲ. ಕಲ್ಲಿನ ಮೇಲೆ ಅಕ್ಷರವಿದ್ದರೆ ಅದನ್ನು ಓದಿ ಅಚ್ಚು ಹಾಕಿಸಲು ಹಿರಿಯರು ಬಹಳ ದುಡಿದಿದ್ದಾರೆ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ 1902ರಲ್ಲಿಯೇ ಹೊರತಂದರು. ಹೀಗಾಗಿ ನೂರಾರು ವರ್ಷಗಳ ಹಿಂದೆ ತುರುಗಳನ್ನು ಮರಳಿಸಲು ಹೋಗಿ ಮಡಿದವನ ಸಂಗತಿ ನಮಗೆ ತಿಳಿಯುತ್ತದೆ. ಆದರೆ ಅದೇ ನೆಲದಿಂದ ಐವತ್ತು ಅರುವತ್ತು ವರ್ಷಗಳ ಹಿಂದೆ ಕಡಲಿಗೆ ಹೋಗಿ ಬಂದವನು ಯಾವ ಹಡಗಿನಲ್ಲಿದ್ದ, ಅಲ್ಲಿ ಏನು ಮಾಡಿದ ಎಂದು ಕೇಳಿದರೆ ಅವನ ಮನೆಯವರೇ ಮುಖ ಮುಖ ನೋಡಿಕೊಳ್ಳುತ್ತಾರೆ. ಈ ವಿಷಯವಾಗಿ ಎರಡು ಮಾತು ಹೇಳಬೇಕೆಂಬುದು ನನ್ನ ಉದ್ದೇಶ.

ಕಟ್ಟಾಯದಲ್ಲಿ ನನಗೆ ಬೇಕಾದವರ ಒಂದು ಹಳೆಯ ಮನೆಯಿದೆ. ಆ ಮನೆಯ ಹಿರಿಯರು ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾಗಿ ಬಂದು, ತೋಟ ಮಾಡಿಕೊಂಡಿದ್ದು, ತೀರಿಕೊಂಡು ಬಹಳ ವರ್ಷಗಳಾದವು. ಅವರ ಕಬ್ಬಿಣದ ಪೆಟ್ಟಿಗೆಯೊಂದು ಅಟ್ಟದ ಮೇಲಿತ್ತು. ಅದರಲ್ಲಿದ್ದ ಕಡುನೀಲಿ ಕೋಟು ಶಾಲೆಯ ನಾಟಕವೊಂದರಲ್ಲಿ ಪೊಲೀಸ್ ಇನ್ಸ್‌ಪೆಕ್ಟರನ ಪಾತ್ರಕ್ಕೆ ಹೋಗಿ, ಎರಡು ಗುಂಡಿಗಳನ್ನು ಕಳೆದುಕೊಂಡು ಬಂದಿದೆ ಎಂದು ತಿಳಿದ ಮೇಲೆ ನಾನು ಆ ಪೆಟ್ಟಿಗೆಯನ್ನು ತೆಗೆಸಿ ನೋಡಿದೆ. ಮನೆಯವರಿಗೆ ಗೊತ್ತಿದ್ದ ಚರಿತ್ರೆ ಒಂದೇ ವಾಕ್ಯದ್ದು: ‘1971ರ ಯುದ್ಧದಲ್ಲಿ ಕರಾಚಿಗೆ ಬೆಂಕಿಯಿಟ್ಟವರಲ್ಲಿ ನಮ್ಮ ತಾತನೂ ಒಬ್ಬರು.’

ಬಟ್ಟೆಯನ್ನು ಓದಲು ಕುಳಿತಾಗ ಮೊದಲು ಕಣ್ಣಿಗೆ ಬಿದ್ದವು ಗುಂಡಿಗಳು. 1950ರ ಜನವರಿ 26ರಂದು ರಾಯಲ್ ಇಂಡಿಯನ್ ನೇವಿ ಎಂಬ ಹೆಸರಿನೊಳಗಿನ ‘ರಾಯಲ್’ ಹೋಗಿ ಭಾರತೀಯ ನೌಕಾಪಡೆಯಾಯಿತಷ್ಟೆ. ಗುಂಡಿಯ ಮೇಲೆ ಲಂಗರಿನೊಡನೆ ಇದ್ದ ಕಿರೀಟವೂ ಹೋಗಿ ಅಶೋಕನ ಸಿಂಹಗಳು ಬಂದವು. ಈ ಕೋಟಿನ ಗುಂಡಿಗಳಲ್ಲಿ ಸಿಂಹವಿದೆ. ಆದ್ದರಿಂದ ಇದು ಗಣರಾಜ್ಯದ ಕಾಲದ ಕೋಟು. ಒಳಜೇಬಿನಲ್ಲಿ ಮುಂಬಯಿಯ ದರ್ಜಿಯೊಬ್ಬನ ಚೀಟಿ ಹೊಲಿದಿದೆ. ಅದರಲ್ಲಿ ಶಾಯಿಯಿಂದ ಬರೆದ ಹೆಸರು ಅಳಿಸಿದಂತಾಗಿದ್ದರೂ 1966 ಎಂಬ ಇಸವಿ ಸ್ಪಷ್ಟವಾಗಿದೆ.

ತೋಳಿನ ತುದಿಯ ಚಿನ್ನದ ಪಟ್ಟೆಗಳು ಇದಕ್ಕಿಂತ ಹೆಚ್ಚು ಮಾತನಾಡುತ್ತವೆ. ನೌಕಾಪಡೆಯಲ್ಲಿ ಒಂದು ಪಟ್ಟೆಯವನು ಸಬ್ ಲೆಫ್ಟಿನೆಂಟ್, ಎರಡರವನು ಲೆಫ್ಟಿನೆಂಟ್, ಆ ಎರಡರ ನಡುವೆ ತೆಳುವಾದ ಇನ್ನೊಂದು ಸೇರಿದರೆ ಲೆಫ್ಟಿನೆಂಟ್ ಕಮಾಂಡರ್, ಮೂರಾದರೆ ಕಮಾಂಡರ್, ನಾಲ್ಕಾದರೆ ಕ್ಯಾಪ್ಟನ್. ಎಲ್ಲಕ್ಕೂ ಮೇಲಿನ ಪಟ್ಟೆಗೆ ಒಂದು ಸುರುಳಿಯುಂಟು. ಇಲ್ಲಿ ಎರಡು ದಪ್ಪ ಪಟ್ಟೆಗಳು ಮಾಸಿವೆ. ನಡುವಿನ ತೆಳುಪಟ್ಟೆ ಇನ್ನೂ ಹೊಳೆಯುತ್ತಿದೆ. ಬೆಳಕಿಗೆ ಹಿಡಿದು ನೋಡಿದರೆ ಮೇಲಿನ ಪಟ್ಟೆಯನ್ನು ಒಮ್ಮೆ ಬಿಚ್ಚಿ, ಬೆರಳಗಲ ಮೇಲಕ್ಕೆ ಸರಿಸಿ ಹೊಲಿದ ಸೂಜಿಯ ತೂತುಗಳು ಕಾಣುತ್ತವೆ. ಅಂದರೆ 1966ರಲ್ಲಿ ಈ ಕೋಟನ್ನು ಹೊಲಿಸಿದಾಗ ಅವರು ಲೆಫ್ಟಿನೆಂಟ್ ಆಗಿದ್ದರು. ಬಡ್ತಿ ಬಂದಾಗ ಹೊಸ ಕೋಟು ಹೊಲಿಸದೆ ಇದನ್ನೇ ತಿದ್ದಿಸಿಕೊಂಡರು. ಸಂಬಳದಲ್ಲಿ ಊರಿಗೆ ಹಣ ಕಳಿಸುತ್ತಿದ್ದ ಮನುಷ್ಯನೊಬ್ಬನ ಸಂಸಾರದ ಲೆಕ್ಕವೂ ಆ ತೂತುಗಳಲ್ಲಿದೆಯೆಂದು ನನಗೆ ತೋರಿತು. ಯಾವ ಸೇವಾಪುಸ್ತಕದಲ್ಲಿಯೂ ಅದು ದಾಖಲೆಯಾಗುವುದಿಲ್ಲ.

ಇನ್ನು ಪದಕಗಳು. ನಮ್ಮ ಸೇನಾಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಪಡೆದವನ ಸಂಖ್ಯೆ, ದರ್ಜೆ, ಹೆಸರು ಕೊರೆದಿರುತ್ತವೆ. ತಿಕ್ಕಿ ತಿಕ್ಕಿ ಹೊಳಪು ಕೊಟ್ಟಷ್ಟೂ ಅವು ಸವೆಯುತ್ತವೆ. ಪೆಟ್ಟಿಗೆಯಲ್ಲಿದ್ದವುಗಳಲ್ಲಿ ಒಂದು ಸಂಗ್ರಾಮ ಪದಕ. 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರವರೆಗಿನ ಅವಧಿಯಲ್ಲಿ ಸೇವೆಯಲ್ಲಿದ್ದವರಿಗೆ ಅದು ಸಂದದ್ದು. ಇನ್ನೊಂದು ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷದ ನೆನಪಿನ ಪದಕ. ಆದರೆ ಪಶ್ಚಿಮದ ರಣರಂಗದಲ್ಲಿದ್ದವರಿಗೆ ಕೊಟ್ಟ ಪಶ್ಚಿಮಿ ತಾರೆ ಅಲ್ಲಿರಲಿಲ್ಲ. ಪೂರ್ವದಲ್ಲಿದ್ದವರಿಗೆ ಕೊಟ್ಟ ಪೂರ್ವಿ ತಾರೆಯೂ ಇರಲಿಲ್ಲ.

ಇಲ್ಲದ್ದನ್ನು ಸಾಕ್ಷಿಯಾಗಿ ಹಿಡಿಯುವುದು ಅಪಾಯದ ಕೆಲಸ. ಎರಡು ಗುಂಡಿ ಕಳೆದ ಮನೆಯಲ್ಲಿ ಒಂದು ತಾರೆ ಕಳೆದಿರಬಾರದೇಕೆ? ಆದರೆ ಕೋಟಿನ ಎದೆಯ ಮೇಲೆ ರಿಬ್ಬನ್ನುಗಳ ಸಾಲು ಹೊಲಿದಂತೆಯೇ ಇತ್ತು. ಅದರಲ್ಲಿ ಸಂಗ್ರಾಮ ಪದಕದ ರಿಬ್ಬನ್ ಇದೆ, ಇಪ್ಪತ್ತೈದನೆಯ ವರ್ಷದ ಪದಕದ್ದೂ ಇದೆ. ಆದ್ದರಿಂದ ಆ ಸಾಲು ಯುದ್ಧವಾದ ಮೇಲೆ ಹೊಲಿದದ್ದು. ತಾರೆಯ ರಿಬ್ಬನ್ನಿಗೆ ಅಲ್ಲಿ ಎಡೆಯೇ ಇಲ್ಲ. ಜೊತೆಗೆ ಚೌಕಟ್ಟು ಹಾಕಿದ ಒಂದು ಗುಂಪುಚಿತ್ರವಿತ್ತು. ಕೆಳಗೆ ಐ. ಎನ್. ಎಸ್. ಶಿವಾಜಿ, ಲೋಣಾವಳ, ಅಕ್ಟೋಬರ್ 1971 ಎಂದು ಅಚ್ಚಾಗಿದೆ. ಶಿವಾಜಿ ಎಂಬುದು ಹಡಗಿನ ಹೆಸರಿನಂತೆ ಕಂಡರೂ ಹಡಗಲ್ಲ. ಸಹ್ಯಾದ್ರಿಯ ಮೇಲೆ 1945ರಲ್ಲಿ ಸ್ಥಾಪಿತವಾದ, ನೌಕಾಪಡೆಯ ಎಂಜಿನಿಯರುಗಳ ಶಿಕ್ಷಣಸಂಸ್ಥೆ. ಚಿತ್ರದಲ್ಲಿ ನಮ್ಮ ಹಿರಿಯರು ಕುರ್ಚಿಯ ಸಾಲಿನಲ್ಲಿ, ಪಾಠ ಹೇಳುವವರ ನಡುವೆ ಕುಳಿತಿದ್ದಾರೆ. ಕೋಟು, ರಿಬ್ಬನ್ನು, ಚಿತ್ರ ಈ ಮೂರನ್ನೂ ಸೇರಿಸಿ ನೋಡಿದರೆ ಅವರು ಕರಾಚಿಗೆ ಹೋಗಿರಲಿಲ್ಲವೆಂದೇ ಹೇಳಬೇಕಾಗುತ್ತದೆ.

ಇದನ್ನು ಮನೆಯವರಿಗೆ ಹೇಳುವುದೋ ಬೇಡವೋ ಎಂದು ನಾನು ಒಂದು ರಾತ್ರಿ ಯೋಚಿಸಿದೆ. ಇಂಥ ಶೋಧನೆಯಲ್ಲಿ ತೊಡಗಿದವರೆಲ್ಲರಿಗೂ ಎಂದಾದರೊಂದು ದಿನ ಈ ಸಂಕಟ ಬಂದೇ ಬರುತ್ತದೆ. ಮನೆಯ ಹೆಮ್ಮೆಯನ್ನು ಮುರಿಯಲು ನಾನು ಯಾರು ಎಂಬುದು ಒಂದು ಕಡೆ. ತಿಳಿದೂ ಸುಳ್ಳನ್ನು ಉಳಿಸಿದರೆ ಆ ಮನುಷ್ಯನು ನಿಜವಾಗಿ ಮಾಡಿದ ಕೆಲಸ ಸುಳ್ಳಿನ ಕೆಳಗೆ ಹೂತುಹೋಗುತ್ತದೆಯಲ್ಲ ಎಂಬುದು ಇನ್ನೊಂದು ಕಡೆ. ಬೆಳಗ್ಗೆ ಹೇಳಿದೆ. ಮೊಮ್ಮಗನ ಮುಖ ಸಣ್ಣಗಾಯಿತು. ಹಿರಿಯರ ಪತ್ನಿ ಮಾತ್ರ, ತೊಂಬತ್ತರ ಹತ್ತಿರದ ಆಕೆ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಅವರು ಒಂದು ದಿನವೂ ಹಾಗೆಂದು ಹೇಳಿದವರಲ್ಲ. ಕೇಳಿದವರಿಗೆ ನಾವೇ ಹೇಳಿಕೊಂಡು ಬಂದೆವು.’

ನಾನು ಹುಡುಗನಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ. 1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿದೋಣಿಗಳು ಕಿಲ್ತಾನ್, ಕಚಾಲ್ ಎಂಬ ಎರಡು ಹಡಗುಗಳ ಬೆಂಗಾವಲಿನಲ್ಲಿ ಕರಾಚಿಯ ಮೇಲೆ ನಡೆಸಿದ ದಾಳಿ ಲೋಕಪ್ರಸಿದ್ಧವಾದದ್ದು. ಆ ದಿನವನ್ನೇ ನೌಕಾದಿನವೆಂದು ಆಚರಿಸುತ್ತಾರೆ. ಆ ಹಡಗುಗಳು ಓಡಿದ್ದು ಎಂಜಿನ್ನಿನ ಬಲದಿಂದ. ಎಂಜಿನ್ನುಗಳನ್ನು ಓಡಿಸಿದವರು ಎಲ್ಲಿಯೋ ಕಲಿತಿರಲೇಬೇಕು. ಅವರಿಗೆ ಕಲಿಸಿದವರೂ ಇರಲೇಬೇಕು. ಡಿಸೆಂಬರ್ 9ರಂದು ದೀವ್‌ನ ಆಚೆ ಖುಕ್ರಿ ಮುಳುಗಿದಾಗ 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಮಡಿದರು. ಹಡಗಿನೊಂದಿಗೇ ಮುಳುಗಿದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ಹೆಸರನ್ನು ದೇಶ ನೆನೆಯುತ್ತದೆ, ನೆನೆಯಲೇಬೇಕು. ಕೆಳ ಅಂತಸ್ತಿನ ಬಿಸಿಯಲ್ಲಿ ಯಂತ್ರಗಳ ಬಳಿ ನಿಂತವರ ಹೆಸರನ್ನು ಎಷ್ಟು ಮಂದಿ ಬಲ್ಲರು? ಅಂಥವರಿಗೆ ಪಾಠ ಹೇಳಿದ ಮೇಷ್ಟ್ರೊಬ್ಬರು ಕಟ್ಟಾಯದವರೆಂದು ಹೇಳಿಕೊಳ್ಳುವುದು ಕರಾಚಿಯ ಕಥೆಗಿಂತ ಕಡಿಮೆಯ ಹೆಮ್ಮೆಯಲ್ಲ. ಅದು ನಿಜವೂ ಹೌದು.

ಎಲ್ಲ ವಸ್ತುವೂ ಒಂದೇ ಬಗೆಯಾಗಿ ಸಾಕ್ಷಿ ಹೇಳುವುದಿಲ್ಲವೆಂಬುದಕ್ಕೂ ಅದೇ ಮನೆಯಲ್ಲಿ ನಿದರ್ಶನವಿತ್ತು. ನಡುಮನೆಯ ಗೋಡೆಯ ಮೇಲೆ ಗಂಡಭೇರುಂಡದ ಒಂದು ಮರದ ಫಲಕ. ಮೈಸೂರು ಅರಮನೆಯಿಂದ ಯಾರೋ ಹಿರಿಯರಿಗೆ ಸಂದ ಮರ್ಯಾದೆ ಎಂದು ಮನೆಯವರು ನಂಬಿದ್ದರು. ನಮ್ಮ ಕಡೆಯವರು ಬೇಲೂರಿನ ಗುಡಿಯಲ್ಲಿಯೂ ಗಂಡಭೇರುಂಡವನ್ನು ಕಂಡವರು. ಅದು ಕಡಲಿನಿಂದ ಬಂದೀತೆಂದು ಊಹಿಸುವುದು ಹೇಗೆ? ಅದು ‘ಮೈಸೂರು’ ಎಂಬ ಯುದ್ಧನೌಕೆಯ ಲಾಂಛನ. ಬ್ರಿಟಿಷರ ‘ನೈಜೀರಿಯಾ’ ಎಂಬ ಕ್ರೂಸರನ್ನು ಭಾರತ ಕೊಂಡು, ದುರಸ್ತಿ ಮಾಡಿಸಿ, 1957ರ ಆಗಸ್ಟ್ 29ರಂದು ‘ಮೈಸೂರು’ ಎಂಬ ಹೆಸರಿನಿಂದ ತನ್ನ ಪಡೆಗೆ ಸೇರಿಸಿಕೊಂಡಿತು. 1971ರಲ್ಲಿ ಪಶ್ಚಿಮ ನೌಕಾಬಳಗದ ಧ್ವಜನೌಕೆ ಅದೇ. ಕಡೆಯ ವರ್ಷಗಳಲ್ಲಿ ಎಳೆಯ ಅಧಿಕಾರಿಗಳಿಗೆ ತರಬೇತಿಯ ಹಡಗಾಗಿದ್ದು 1985ರ ಆಗಸ್ಟಿನಲ್ಲಿ ಸೇವೆಯಿಂದ ಇಳಿಯಿತು. ಈ ಫಲಕವನ್ನು ನೋಡಿ ‘ಇವರು ಆ ಹಡಗಿನಲ್ಲಿ ಯುದ್ಧಕ್ಕೆ ಹೋಗಿದ್ದರು’ ಎಂದು ಬರೆದರೆ ತಪ್ಪಾಗುತ್ತದೆ. ಹಡಗಿನಲ್ಲಿ ದುಡಿದವರಿಗೂ ಫಲಕ ಕೊಡುತ್ತಾರೆ, ನೋಡಲು ಬಂದ ಅತಿಥಿಗಳಿಗೂ ಕೊಡುತ್ತಾರೆ. ಸಮವಸ್ತ್ರ ನಿಯಮಕ್ಕೆ ಕಟ್ಟುಬಿದ್ದದ್ದು. ತನಗೆ ಸಲ್ಲದ ಪಟ್ಟೆಯನ್ನು ಯಾರೂ ಹೊಲಿಸಿಕೊಳ್ಳುವಂತಿಲ್ಲ. ನೆನಪಿನ ಕಾಣಿಕೆಗೆ ಆ ಕಟ್ಟು ಇಲ್ಲ. ಆದ್ದರಿಂದ ಮೊದಲನೆಯದನ್ನು ದಾಖಲೆಯಂತೆಯೂ ಎರಡನೆಯದನ್ನು ಸುಳಿವಿನಂತೆಯೂ ಬಳಸುವುದು ಸರಿಯಾದ ಕ್ರಮ.

ಇದೆಲ್ಲ ನಿರುದ್ಯೋಗಿಗಳ ಹವ್ಯಾಸ, ನೌಕಾಪಡೆಯ ಚರಿತ್ರೆಯನ್ನು ನೌಕಾಪಡೆಯವರೇ ಬರೆದಿದ್ದಾರೆ ಎನ್ನುವವರುಂಟು. ನಿಜ, ಸತ್ಯೀಂದ್ರ ಸಿಂಗ್, ಜಿ. ಎಂ. ಹೀರಾನಂದಾನಿ ಮೊದಲಾದ ಹಿರಿಯ ಅಧಿಕಾರಿಗಳು ದೊಡ್ಡ ಗ್ರಂಥಗಳನ್ನೇ ರಚಿಸಿದ್ದಾರೆ. ರಕ್ಷಣಾ ದಾಖಲೆಗಳನ್ನು ಸಾಮಾನ್ಯವಾಗಿ ಇಪ್ಪತ್ತೈದು ವರ್ಷಗಳಲ್ಲಿ ಬಹಿರಂಗಪಡಿಸಬೇಕೆಂಬ ನೀತಿಯನ್ನೂ ಸರ್ಕಾರ 2021ರಲ್ಲಿ ಒಪ್ಪಿದೆ. ಅವು ಬರಲಿ. ಆದರೆ ಆ ಗ್ರಂಥಗಳಿಗೆ ನೌಕಾಬಳಗಗಳು ಕಾಣುತ್ತವೆ, ಕಟ್ಟಾಯ ಕಾಣುವುದಿಲ್ಲ. ಮತ್ತೆ ನುಸಿಗೂ ಮಳೆಗಾಲದ ಬೂಷ್ಟಿಗೂ ಇಪ್ಪತ್ತೈದು ವರ್ಷದ ತಾಳ್ಮೆಯಿಲ್ಲ. 1961ರಲ್ಲಿ ಬಂದ ‘ವಿಕ್ರಾಂತ್’ 1997ರಲ್ಲಿ ನಿವೃತ್ತವಾಗಿ, ಕೆಲವು ಕಾಲ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತು, ಕೊನೆಗೆ ಗುಜರಿಗೆ ಹೋಯಿತು. ಅಷ್ಟು ದೊಡ್ಡ ಹಡಗನ್ನೇ ಉಳಿಸಿಕೊಳ್ಳಲಾರದವರು ಒಂದು ಕೋಟಿನ ಗತಿಯೇನೆಂದು ತಾವಾಗಿ ವಿಚಾರಿಸುವರೆಂಬ ಭರವಸೆ ನನಗಿಲ್ಲ.

ಕನ್ನಡನಾಡಿನಲ್ಲಿ ಒಳ್ಳೆಯ ಮೇಲ್ಪಂಕ್ತಿಗಳಿಲ್ಲದೆ ಇಲ್ಲ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಕಾರವಾರದ ಕಡಲತೀರದಲ್ಲಿ ‘ಚಪಲ್’ ಎಂಬ ಕ್ಷಿಪಣಿದೋಣಿಯನ್ನು ಜನ ನೋಡಲೆಂದು ನಿಲ್ಲಿಸಿದ್ದಾರೆ. ಸೇನಾನಾಯಕರಿಗೂ ಹಡಗುಗಳಿಗೂ ಇಷ್ಟಾದರೂ ಆಯಿತು. ಹೆಸರಿಲ್ಲದ ಅಧಿಕಾರಿ ನಾವಿಕರಿಗೆ ನಾವು ಮಾಡಬಹುದಾದದ್ದು ಬಹಳ ಅಗ್ಗದ ಕೆಲಸ. ಪೆಟ್ಟಿಗೆಯನ್ನು ತೆರೆದಾಗ ಯಾವುದು ಯಾವುದರ ಜೊತೆಯಲ್ಲಿತ್ತೆಂದು ಬರೆದಿಟ್ಟುಕೊಳ್ಳುವುದು, ಬಟ್ಟೆಯನ್ನು ಒಗೆಯದಿರುವುದು, ಪದಕವನ್ನು ಹುಣಿಸೆಹಣ್ಣಿನಿಂದ ತಿಕ್ಕದಿರುವುದು, ಚಿತ್ರಗಳ ಹಿಂಬದಿಯ ಬರಹವನ್ನೂ ನಕಲು ಮಾಡುವುದು, ಮನೆಯ ಮುದುಕಿಯರು ಇರುವಾಗಲೇ ಅವರನ್ನು ಕೇಳುವುದು. ನಮ್ಮ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ತಮ್ಮ ತಮ್ಮ ಹೋಬಳಿಯಲ್ಲಿ ಇಂಥ ಹತ್ತು ಪೆಟ್ಟಿಗೆಗಳ ಪಟ್ಟಿ ಮಾಡಿದರೆ, ಯಾರದೋ ಪುಸ್ತಕದಿಂದ ಇಳಿಸಿದ ಹತ್ತು ಪ್ರಬಂಧಗಳಿಗಿಂತ ಅದು ಮೇಲೆಂದು ಅಧ್ಯಾಪಕರು ಒಪ್ಪಬೇಕು.

ನಮ್ಮ ನೆರೆಯ ಗೊರೂರಿನ ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ‘ಅಮೆರಿಕದಲ್ಲಿ ಗೊರೂರು’ ಬರೆದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಹೇಮಾವತಿಯ ಸೀಮೆಯಿಂದ ಕಡಲಾಚೆ ಹೋದವರೆಲ್ಲರಿಗೂ ಬರೆಯುವ ಕೈ ಇರುವುದಿಲ್ಲ. ಮುಂಬಯಿಯ ಬೋರಿವಲಿಯ ಬಳಿ ಎಕ್ಸರ್ ಎಂಬಲ್ಲಿ ಹುಟ್ಟು ಹಾಕುವ ನಾವೆಗಳ ಸಾಲುಗಳನ್ನು ಕೊರೆದ ವೀರಗಲ್ಲುಗಳಿವೆ. ಕಡಲ ಕಾಳಗದ ವೀರರಿಗೆ ಹಿಂದಿನವರು ಅಷ್ಟನ್ನಾದರೂ ಮಾಡಿದರು. ಕಾದಿ ಮಡಿಯದೆ, ದುಡಿದು ಮನೆಗೆ ಮರಳಿದವನಿಗೆ ಕಲ್ಲು ನಿಲ್ಲಿಸುವ ಪದ್ಧತಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅವನು ತೊಟ್ಟು ಬಿಟ್ಟ ಅಂಗಿಯಷ್ಟೇ ನಮಗೆ ಉಳಿಯುವುದು.

ಕಟ್ಟಾಯದ ಆ ಕೋಟನ್ನು ಈಗ ಬಿಳಿಯ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಮೊಮ್ಮಗನು ತನ್ನ ಕೈಯಿಂದಲೇ ಒಂದು ಪಟ್ಟಿ ಬರೆದು ಜೊತೆಯಲ್ಲಿರಿಸಿದ್ದಾನೆ. ಅದರ ಮೊದಲನೆಯ ಸಾಲು: ‘ಕೋಟು ಒಂದು. ಎಂಟು ಗುಂಡಿಗಳಲ್ಲಿ ಆರು ಇವೆ. ಎರಡು ನಮ್ಮಿಂದ ಕಳೆದುಹೋದವು.’