ಏಲಕ್ಕಿ ಮೂಟೆಯ ಪತ್ತೇದಾರಿ ಕತೆ

ಕೃಷಿ ಪತ್ರಿಕೆಯಲ್ಲಿ ಪತ್ತೇದಾರಿ ಕಾದಂಬರಿಗೇನು ಕೆಲಸ ಅಂತ ಓದುಗ ಮಿತ್ರರು ಕೇಳಬಹುದು. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಮಟ್ಟಿಗೆ ಕೆಲಸ ಇದೆ. 1994ರಲ್ಲಿ ಬಂದ ಪುಸ್ತಕ. ಬರೆದವರು ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು, 2007ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದವರು. ಫುಕುವೋಕಾರ ಸಹಜ ಕೃಷಿಯ ಬಗ್ಗೆ ಕನ್ನಡದಲ್ಲಿ ಬರೆದವರೂ ಇವರೇ. ಅಂದರೆ ಬೆಳೆದು ಮಾರಿದವರು ಬರೆದ ಕತೆ ಇದು.

ನಮ್ಮ ಕಾಲದಲ್ಲಿ ಪತ್ತೇದಾರಿ ಅಂದರೆ ಎನ್. ನರಸಿಂಹಯ್ಯನವರದು. ನಾಲ್ಕನೇ ತರಗತಿವರೆಗೆ ಮಾತ್ರ ಓದಿದ್ದ ಆ ಮನುಷ್ಯ ಐನೂರರಷ್ಟು ಕಾದಂಬರಿ ಬರೆದರು! ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಂಥವನಿಗೆ ಓದುವ ಚಟ ಉಳಿದದ್ದೇ ಆ ಪುಸ್ತಕಗಳಿಂದ. ಆದರೆ ಅಲ್ಲಿ ಗುಟ್ಟು ರಟ್ಟಾದರೆ ಕತೆ ಮುಗೀತು, ಮಾರನೇ ದಿನ ನೇಗಿಲು ಕಟ್ಟುವಾಗ ಅದು ನೆನಪಾಗೋದಿಲ್ಲ.

ಜುಗಾರಿ ಕ್ರಾಸ್ ಹಾಗಲ್ಲ. ಸುರೇಶ, ಗೌರಿ ಅನ್ನೋ ಗಂಡ ಹೆಂಡತಿ ಬೆಳೆದ ಏಲಕ್ಕಿ ಮಾರೋಕೆ ಪೇಟೆಗೆ ಹೋಗುತ್ತಾರೆ. ಒಂದು ಹಗಲು ಒಂದು ರಾತ್ರಿಯೊಳಗೆ ಏನೇನೋ ಆಗಿಬಿಡುತ್ತೆ. ಕಾಡು ದೋಚುವವರು, ಕಾಳದಂಧೆಯವರು, ರೈಲು, ಸುರಂಗ, ಹಳೇ ಕಾವ್ಯವೊಂದರಲ್ಲಿ ಹುದುಗಿದ ಕೆಂಪು ಹರಳಿನ ಗುಟ್ಟು. ಕೊನೆಗೇನಾಯ್ತು ಅಂತ ಹೇಳಿದರೆ ಓದುವವರಿಗೆ ಮೋಸ.

ನನಗೆ ಎದೆ ಢವಢವ ಅಂದದ್ದು ಮಾತ್ರ ಕಳ್ಳರಿಂದಲ್ಲ. ಮೂಟೆ ಹೊತ್ತು ಪೇಟೆಗೆ ಹೊರಟ ರೈತನಿಗೆ ತನ್ನ ಮಾಲು ಯಾರ ಕೈಯಿಂದ ಯಾರ ಕೈಗೆ ಹೋಗುತ್ತೆ, ಅದರ ಹಿಂದೆ ಯಾವ ವ್ಯವಹಾರ ನಡೀತಿದೆ ಅನ್ನೋದೇ ಗೊತ್ತಿಲ್ಲವಲ್ಲ, ಆ ಕತ್ತಲೆಯಿಂದ. ನಮ್ಮ ಕಡೆ ಕಡ್ಲೆಕಾಯಿ ಹಾಕಿದವನಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಹೂ ಬಿಟ್ಟು ಊಡು ಇಳಿದ ಮೇಲೆ ಕಾಯಿ ತುಂಬಿದೆಯೋ ಜೊಳ್ಳೋ, ಕಿತ್ತು ನೋಡೋವರೆಗೂ ದೇವರಿಗೇ ಗೊತ್ತು. ಆ ಗುಟ್ಟನ್ನ ಮಳೆ ಮೇಲೆ ಹಾಕಿ ಸುಮ್ಮನಾಗಬಹುದು. ಎರಡನೇ ಗುಟ್ಟು ಮಂಡಿಯಲ್ಲಿದೆ. ಒಂದು ಸಾರಿ ನಾನು ಹುಣಸೆಹಣ್ಣು ಒಯ್ದಿದ್ದೆ. ಮಂಡಿಯವನು ಮೂಟೆಗೆ ಕೈ ಹಾಕಿ, ಮೂಸಿ ನೋಡಿ, ‘ತೇವ ಜಾಸ್ತಿ’ ಅಂದ. ಅಷ್ಟಕ್ಕೇ ಮೂಟೆಗೆ ಇಷ್ಟು ಕೆಜಿ ಅಂತ ಹೊಡೆದುಹಾಕಿದ. ಅದೇ ಹಣ್ಣು ಸಂಜೆ ಲಾರಿಗೆ ಏರುವಾಗ ತೇವದ ಮಾತೇ ಇರಲಿಲ್ಲ! ದಂಡಿನ ಮಾರಮ್ಮನ ಜಾತ್ರೆ ದನದ ವ್ಯಾಪಾರದಲ್ಲಿ ಟವಲಿನಡಿ ಬೆರಳು ಹಿಡಿದು ರೇಟು ಹೇಳುತ್ತಾರಲ್ಲ, ಅಲ್ಲಿ ಕೊಡೋನಿಗೂ ತಗೊಳ್ಳೋನಿಗೂ ಬೆರಳಾದರೂ ಗೊತ್ತಾಗುತ್ತೆ. ಈಗ ಎಪಿಎಂಸಿಯಲ್ಲಿ ಟೆಂಡರು ಕಂಪ್ಯೂಟರಿನಲ್ಲಿ ಬರುತ್ತೆ, ಪರವಾಗಿಲ್ಲ. ಆದರೆ ಮಂಡಿಯಲ್ಲಿ ಮುಂಗಡ ಸಾಲ ತಂದವನು ಆ ಮಂಡಿ ಬಿಟ್ಟು ಎಲ್ಲಿಗೆ ಹೋದಾನು?

ಜುಗಾರಿ ಅಂದರೆ ಜೂಜು. ಬೇಸಾಯ ಜೂಜು ಅಂತ ಎಲ್ಲರೂ ಅಂತಾರೆ. ಮಳೆ ವಿಚಾರಕ್ಕೆ ಒಪ್ಪಿದೆ. ಮಾರಾಟಕ್ಕೆ ಈ ಮಾತು ಸಲ್ಲದು. ಜೂಜಾಡುವಾಗ ಎದುರಿನವನ ಎಲೆ ಇಬ್ಬರಿಗೂ ಕಾಣೋದಿಲ್ಲ. ಇಲ್ಲಿ ನಮ್ಮ ಎಲೆಯೆಲ್ಲ ಎದುರಿನವನಿಗೆ ಕಾಣುತ್ತೆ: ಮಗಳ ಮದುವೆ ಯಾವಾಗ, ಸೊಸೈಟಿ ಕಂತು ಎಷ್ಟು, ಮಾಲು ಇಟ್ಟುಕೊಳ್ಳೋಕೆ ಮನೇಲಿ ಜಾಗ ಇದೆಯೋ ಇಲ್ಲವೋ.

ಗೌರಿ ಗಂಡನ ಜೊತೆ ಪೇಟೆಗೆ ಹೋಗೋದು ನನಗೆ ಹಿಡಿಸಿತು. ನಮ್ಮಲ್ಲಿ ಹುಣಸೆ ಕುಟ್ಟಿ, ನಾರು ಬೀಜ ತೆಗೆಯೋದು ಹೆಂಗಸರು, ಬೆರಳು ಸವೆಯೋದು ಅವರದು. ದುಡ್ಡು ಎಣಿಸೋಕೆ ಮಾತ್ರ ನಾವು!

ಒಂದು ತಕರಾರಿದೆ. ಅರ್ಧದ ಮೇಲೆ ಕಾಕತಾಳೀಯ ಜಾಸ್ತಿ ಆಯ್ತು. ಎಲ್ಲಾ ಕಳ್ಳರೂ ಒಂದೇ ರಾತ್ರಿ ಒಂದೇ ದಾರಿಗೆ ಬೀಳಬೇಕಿತ್ತೆ? ಆ ಲೆಕ್ಕಕ್ಕೆ ಇವರದೇ ‘ಚಿದಂಬರ ರಹಸ್ಯ’ ಗಟ್ಟಿ. ಅಲ್ಲೂ ಏಲಕ್ಕಿಯೇ. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಗುಟ್ಟು ಹುಡುಕಿ ಒಬ್ಬ ಪತ್ತೇದಾರ ಕೆಸರೂರಿಗೆ ಬರುತ್ತಾನೆ. ಒಂದು ಸಾವಿನಿಂದ ಶುರುವಾಗಿ ಇಡೀ ಊರಿನ ಒಳಗು ಬಯಲಾಗುತ್ತೆ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದೇ ಕೊಳ್ಳುವುದಾದರೆ ಅದನ್ನ ಕೊಳ್ಳಿ, ರಾತ್ರಿ ನೀರು ಕಟ್ಟೋಕೆ ಹೋಗಿ ಕರೆಂಟಿಗೆ ಕಾಯೋರು ಜುಗಾರಿ ಕ್ರಾಸ್ ಓದಿ, ನಿದ್ದೆ ಬರೋದಿಲ್ಲ.

ಮಲೆನಾಡಿನವರಿಗೆ ತೇಜಸ್ವಿ ಸಿಕ್ಕರು. ನಮ್ಮ ಮಧುಗಿರಿ, ಶಿರಾ, ಪಾವಗಡದ ಬಯಲಲ್ಲಿ ರಹಸ್ಯಕ್ಕೇನು ಬರವೇ? ಅಂಗೈಲಿ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ತೋರಿಸುವವನು, ಸರಿರಾತ್ರಿ ಬಂದ ತಿರುಚೆಂಗೋಡಿನ ಬೋರ್‌ವೆಲ್ ಲಾರಿ, ಎಂಟುನೂರು ಅಡಿಗೂ ಬರೀ ದೂಳು, ಇನ್ನು ನೂರಡಿ ಹೋಗೋಣ ಅಂತ ಕಿವಿಯಲ್ಲಿ ಹೇಳುವ ಏಜೆಂಟು, ಒಳಗೆ ಎದ್ದು ಕೂತ ಮನೆಯಾಕೆ. ಬರೆಯುವವರು ಯಾರಾದರೂ ಮುಂದೆ ಬಂದರೆ, ಒಂದಡಿಗೆ ಎಷ್ಟು ರೇಟು, ಕೇಸಿಂಗ್ ಎಷ್ಟು ಇಳಿಸಿದರು, ಬಿಲ್ಲಿನಲ್ಲಿ ಎಷ್ಟು ಬರೆದರು ಅನ್ನೋ ವಿವರ ಕೊಡೋಕೆ ನಮ್ಮ ದೊಡ್ಡೇರಿ ಹೋಬಳಿಯಲ್ಲಿ ಮನೆಗೊಬ್ಬರು ಸಿಗುತ್ತಾರೆ.