ಗೆಲುವು ಹುಡುಗರದ್ದು, ಶಾಲೆಯದ್ದಲ್ಲ

ಅಮೆರಿಕದ ಕ್ರೀಡಾಚರಿತ್ರೆಯಲ್ಲಿ ಮತ್ತೆ ಮತ್ತೆ ಹೇಳಲಾಗುವ ಕತೆಯೊಂದಿದೆ. ಬಡ ಆದಿವಾಸಿ ಹುಡುಗ, ಅವನ ಪ್ರತಿಭೆಯನ್ನು ಗುರುತಿಸುವ ದೊಡ್ಡ ಮನಸ್ಸಿನ ಬಿಳಿಯ ಕೋಚ್, ಶಿಸ್ತು ಕಲಿಸುವ ಶಾಲೆ, ಕೊನೆಗೆ ಜಗತ್ತಿನ ಚಪ್ಪಾಳೆ. 1951ರಲ್ಲಿ ಹಾಲಿವುಡ್ ಇದನ್ನು ಸಿನಿಮಾ ಮಾಡಿದಾಗ ಆದಿವಾಸಿ ಆಟಗಾರ ಜಿಮ್ ಥಾರ್ಪ್‌ನ ಪಾತ್ರ ವಹಿಸಿದ್ದು ಬಿಳಿಯ ನಟ ಬರ್ಟ್ ಲ್ಯಾಂಕಾಸ್ಟರ್. ಕತೆ ಬರೆಯುವ ನಮಗೆ ಇಂಥ ಕಥಾನಕದ ಸೆಳೆತ ಗೊತ್ತು. ಆದ್ದರಿಂದಲೇ ಅದರೊಳಗಿನ ಮೋಸವೂ ಕಾಣುತ್ತದೆ.

ಆ ಶಾಲೆಯ ಹೆಸರು ಕಾರ್ಲೈಲ್ ಇಂಡಿಯನ್ ಇಂಡಸ್ಟ್ರಿಯಲ್ ಸ್ಕೂಲ್. 1879ರಲ್ಲಿ ಪೆನ್ಸಿಲ್ವೇನಿಯಾದ ಹಳೆಯ ಸೇನಾ ಶಿಬಿರವೊಂದರಲ್ಲಿ ಅದನ್ನು ತೆರೆದವನು ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿ. ಮನುಷ್ಯನನ್ನು ಉಳಿಸಬೇಕಾದರೆ ಅವನೊಳಗಿನ ಇಂಡಿಯನ್ನನನ್ನು ಕೊಲ್ಲಬೇಕು ಎಂಬುದು 1892ರ ಅವನ ಭಾಷಣದ ತಿರುಳು. ನೂರಕ್ಕೂ ಹೆಚ್ಚು ಬುಡಕಟ್ಟುಗಳ ಮಕ್ಕಳನ್ನು ಅಲ್ಲಿಗೆ ತರಲಾಯಿತು. ಮೊದಲು ಜಡೆ ಕತ್ತರಿಸಿದರು, ನಂತರ ಹೆಸರು ಬದಲಿಸಿದರು, ಆಮೇಲೆ ತಾಯಿ ಕಲಿಸಿದ ಮಾತನ್ನೇ ನಿಷೇಧಿಸಿದರು. ಇದಕ್ಕೆ ಅವರು ಶಿಕ್ಷಣ ಎಂದು ಹೆಸರಿಟ್ಟರು.

ಹೀಗೆ ಎಲ್ಲವನ್ನೂ ಕಳೆದುಕೊಂಡ ಹುಡುಗರು ಮೈದಾನದಲ್ಲಿ ಏನು ಮಾಡಿದರು ನೋಡಿ. ಅಮೆರಿಕನ್ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಗೋಡೆ ಒಡೆದು ನುಗ್ಗುವ ಆಟ. ಕಾರ್ಲೈಲ್ ಕಾಲೇಜೇ ಅಲ್ಲದಿದ್ದರೂ ದೊಡ್ಡ ದೊಡ್ಡ ಕಾಲೇಜುಗಳ ಜೊತೆ ಆಡುತ್ತಿತ್ತು. 1911ರಲ್ಲಿ ಹಾರ್ವರ್ಡ್ ತಂಡವನ್ನು 18-15ರಿಂದ ಸೋಲಿಸಿತು. 1912ರ ಋತುವಿನಲ್ಲಿ 14 ಪಂದ್ಯಗಳಲ್ಲಿ 12ನ್ನು ಗೆದ್ದಿತು, ಒಂದು ಸಮವಾಯಿತು, ಸೋತದ್ದು ಒಂದೇ.

ಆ ವರ್ಷದ ನವೆಂಬರ್ 9ರಂದು ಅವರು ವೆಸ್ಟ್ ಪಾಯಿಂಟ್‌ನಲ್ಲಿ ಸೇನಾ ಅಕಾಡೆಮಿಯ ತಂಡದೆದುರು ನಿಂತರು. ವೂಂಡೆಡ್ ನೀ ಎಂಬಲ್ಲಿ ಅಮೆರಿಕದ ಸೇನೆ ಲಕೋಟಾ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಕೊಂದು ಆಗಿನ್ನೂ 22 ವರ್ಷ ತುಂಬಿರಲಿಲ್ಲ. ಮುಂದೆ ಅಧ್ಯಕ್ಷನಾದ ಐಸೆನ್‌ಹೋವರ್ ಅಂದು ಸೇನಾ ತಂಡದಲ್ಲಿದ್ದ. ಒರಟಾಟಕ್ಕಾಗಿ ಮೈದಾನದಿಂದ ಹೊರಹಾಕಲ್ಪಟ್ಟವನು 'ಅನಾಗರಿಕ' ಹುಡುಗರಲ್ಲೊಬ್ಬನಲ್ಲ, ಸೇನಾ ತಂಡದ ನಾಯಕ! ಕಾರ್ಲೈಲ್ 27-6ರಿಂದ ಗೆದ್ದಿತು. ನಾಲ್ಕು ಟಚ್‌ಡೌನ್‌ಗಳಲ್ಲಿ ಮೂರನ್ನು ಗಳಿಸಿದವನು ಅಲೆಕ್ಸ್ ಅರ್ಕಾಸಾ. ಅವನ ಹೆಸರನ್ನು ಇಂದು ಎಷ್ಟು ಜನ ಬಲ್ಲರು? ಒಬ್ಬನೇ ನಾಯಕ ಬೇಕೆನ್ನುವ ಕತೆಯಲ್ಲಿ ಉಳಿದ ಹತ್ತು ಮಂದಿಗೆ ಜಾಗವಿರುವುದಿಲ್ಲ.

"ಆ ಶಾಲೆ ಇಲ್ಲದಿದ್ದರೆ ಥಾರ್ಪ್ ಎಲ್ಲಿರುತ್ತಿದ್ದ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯೇ ನಮ್ಮನ್ನು ಕೆರಳಿಸುತ್ತದೆ. ಮನೆ ಸುಟ್ಟವನು, ಬೆಂಕಿಯಿಂದ ಓಡಿ ಬಂದವನ ವೇಗಕ್ಕೆ ತಾನೇ ಕಾರಣ ಎಂದು ಬೆನ್ನು ತಟ್ಟಿಕೊಳ್ಳಬಹುದೆ? ಅಲ್ಲಿಗೆ ಬಂದ ಸಾವಿರಾರು ಮಕ್ಕಳಲ್ಲಿ ವ್ಯಾಸಂಗ ಪೂರೈಸಿದವರದು ಸಣ್ಣ ಪಾಲು. ಇಂಗ್ಲಿಷ್ ಕಲಿಸಿದ್ದು ಉಪಕಾರವಲ್ಲವೆ ಎನ್ನುವವರಿಗೂ ಒಂದು ಮಾತು. ಉರ್ದುವಿನಲ್ಲೂ ಕನ್ನಡದಲ್ಲೂ ಓದಿ ಬೆಳೆದ ನಮಗೆ ಗೊತ್ತು, ಒಂದು ಭಾಷೆಯನ್ನು ಬಾಯಿಗೆ ತರಲು ಇನ್ನೊಂದರ ನಾಲಿಗೆ ಕೀಳಬೇಕಾಗಿಲ್ಲ.

ಇನ್ನು ಆ ದೊಡ್ಡ ಮನಸ್ಸಿನ ಕೋಚ್. ಪಾಪ್ ವಾರ್ನರ್ ಚತುರ ತಂತ್ರಗಾರ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹುಡುಗರು ಊರೂರು ಸುತ್ತಿ ಆಡಿ ತಂದ ಹಣ ಅವನ ಕೈಯಲ್ಲಿದ್ದ ಕ್ರೀಡಾನಿಧಿಗೆ ಸೇರುತ್ತಿತ್ತು. ಕಡೆಗೆ ವಿದ್ಯಾರ್ಥಿಗಳೇ ಸರ್ಕಾರಕ್ಕೆ ಅರ್ಜಿ ಬರೆದರು. ಅವರ ಮುಂದಾಳು ಅದೇ ತಂಡದ ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್. 1914ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಸಮಿತಿ ಶಾಲೆಗೇ ಬಂದು ವಿಚಾರಣೆ ನಡೆಸಿತು. ಕೋಚ್ ಹುಡುಗರನ್ನು ಹೀನಾಯವಾಗಿ ಬೈಯುತ್ತಿದ್ದುದು, ಸಿಬ್ಬಂದಿಯೊಬ್ಬ ಒಬ್ಬ ಹುಡುಗಿಯನ್ನು ಹಲಗೆಯಿಂದ ಹೊಡೆದದ್ದು ಸಾಕ್ಷ್ಯಗಳಲ್ಲಿ ಹೊರಬಂದವು. ಬಾಯಿ ಮುಚ್ಚಿಸಲೆಂದೇ ಕಟ್ಟಿದ ಶಾಲೆಯಲ್ಲಿ ಮಕ್ಕಳು ಬಾಯಿ ತೆರೆದರು. ನಮ್ಮ ಮಟ್ಟಿಗೆ ಹಾರ್ವರ್ಡ್ ಸೋಲಿಸಿದ್ದಕ್ಕಿಂತ ದೊಡ್ಡ ಗೆಲುವು ಇದು. ಇದರ ಬಗ್ಗೆ ಯಾರೂ ಸಿನಿಮಾ ಮಾಡಲಿಲ್ಲ.

ಥಾರ್ಪ್‌ನಿಗೆ ಸಿಕ್ಕ ನ್ಯಾಯವನ್ನೂ ನೋಡೋಣ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಥ್ಲಾನ್, ಡೆಕಥ್ಲಾನ್ ಎರಡರಲ್ಲೂ ಚಿನ್ನ ಗೆದ್ದವನು ಅವನು. ಹಿಂದೆ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದನೆಂಬ ಕಾರಣಕ್ಕೆ 1913ರಲ್ಲಿ ಪದಕಗಳನ್ನು ಕಿತ್ತುಕೊಂಡರು. ತಕರಾರು ಸಲ್ಲಿಸಲು ನಿಯಮದಲ್ಲಿದ್ದ 30 ದಿನಗಳ ಗಡುವು ಎಂದೋ ಮುಗಿದಿತ್ತು. ಅವನು ಸತ್ತದ್ದು 1953ರಲ್ಲಿ. ಒಲಿಂಪಿಕ್ ಸಮಿತಿ 1982ರಲ್ಲಿ ಅವನನ್ನು ಜಂಟಿ ವಿಜೇತ ಎಂದಿತು, ಏಕೈಕ ವಿಜೇತನೆಂದು ಒಪ್ಪಿದ್ದು 2022ರಲ್ಲಿ. ಗೆದ್ದಾಗ 'ನಮ್ಮವನು', ಕಷ್ಟ ಬಂದಾಗ 'ಪಾಪ, ಏನೂ ತಿಳಿಯದ ಇಂಡಿಯನ್'. ಚಪ್ಪಾಳೆಯನ್ನು ನ್ಯಾಯವೆಂದು ತಿಳಿಯುವವರು ಈ 110 ವರ್ಷಗಳ ಲೆಕ್ಕ ನೋಡಬೇಕು.

ಶಾಲೆ 1918ರಲ್ಲಿ ಮುಚ್ಚಿತು. ಅಲ್ಲಿ ಕಾಯಿಲೆ ಬಿದ್ದು ಸತ್ತ ಮಕ್ಕಳ ನೂರಕ್ಕೂ ಹೆಚ್ಚು ಸಮಾಧಿಗಳು ಉಳಿದವು. 2017ರಿಂದ ಬುಡಕಟ್ಟುಗಳು ತಮ್ಮ ಮಕ್ಕಳ ಅಸ್ಥಿಗಳನ್ನು ಊರಿಗೆ ಒಯ್ಯತೊಡಗಿವೆ. ಅದಕ್ಕಾಗಿ ಅವರು ಅರ್ಜಿ ಹಾಕಬೇಕಾದದ್ದು ಯಾರಿಗೆ? ಆ ನೆಲದ ಒಡೆತನ ಹೊಂದಿರುವ ಅಮೆರಿಕದ ಸೇನೆಗೆ! 2024ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಬೈಡನ್ ಇಂಥ ವಸತಿ ಶಾಲೆಗಳಿಗಾಗಿ ಕ್ಷಮೆ ಕೇಳಿದರು. ಒಳ್ಳೆಯದೇ. ಆದರೆ ಕಾರ್ಲೈಲ್‌ನಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರಲ್ಲಿ ಒಬ್ಬರೂ ಅಷ್ಟು ಹೊತ್ತಿಗೆ ಬದುಕಿರಲಿಲ್ಲ.

ಆ ಋತುವಿನ ಕತೆಯನ್ನು ಹೇಳುವವರು ಖಂಡಿತ ಹೇಳಲಿ, ನಾವೂ ಸಂತೋಷದಿಂದ ಕೇಳುತ್ತೇವೆ. ಆದರೆ 27-6 ಎಂಬ ಅಂಕ ಹೇಳಿದ ಬಾಯಿಯಲ್ಲೇ ಆ ಸಮಾಧಿಗಳ ಲೆಕ್ಕವನ್ನೂ ಹೇಳಲಿ. ಗೆದ್ದ ಮಕ್ಕಳನ್ನು ತೋರಿಸಿ ಸತ್ತ ಮಕ್ಕಳನ್ನು ಮುಚ್ಚಿಡುವುದು ಕ್ರೀಡಾಪ್ರೇಮವಲ್ಲ.